ಅಕೌಂಟ್ಸ್ ಬಿಟ್ಟು ಮುಂದೇನು? ಎಂಬಿಎ ಮತ್ತು ಸರ್ಟಿಫಿಕೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಕಾಂ ಮುಗಿಸಿ ಆಡಿಟರ್ ಆಫೀಸಿನಲ್ಲೋ, ಪೀಣ್ಯದ ಫ್ಯಾಕ್ಟರಿಯ ಅಕೌಂಟ್ಸ್ ವಿಭಾಗದಲ್ಲೋ, ಔಟರ್ ರಿಂಗ್ ರೋಡಿನ ಯಾವುದೋ ವಿದೇಶಿ ಕಂಪನಿಯ ಫೈನಾನ್ಸ್ ಸೆಂಟರಿನಲ್ಲೋ ನಾಲ್ಕೈದು ವರ್ಷ ಕಳೆದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ. ಫೀಸು, ಪರೀಕ್ಷೆಯ ದಿನಾಂಕ ವರ್ಷಕ್ಕೊಮ್ಮೆ ಬದಲಾಗುತ್ತವೆ. ದುಡ್ಡು ಕಟ್ಟುವ ಮುಂಚೆ ಆಯಾ ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳಿ.

ಸುತ್ತಿ ಬಳಸಿ ಹೇಳಬೇಡಿ. ಎಂಬಿಎ ಮಾಡಲಾ, ಸರ್ಟಿಫಿಕೇಷನ್ ಮಾಡಲಾ?

ಎಲ್ಲಿಗೆ ಹೋಗಬೇಕು ಅಂತ ಗೊತ್ತಿದೆ, ಅದು ಫೈನಾನ್ಸ್ ಒಳಗಿನದೇ ಕೆಲಸ ಅಂತಾದರೆ ಸರ್ಟಿಫಿಕೇಷನ್ ಸಾಕು. ಫೈನಾನ್ಸೇ ಬೇಡ, ಮಾರ್ಕೆಟಿಂಗ್, ಕನ್ಸಲ್ಟಿಂಗ್, ಆಪರೇಷನ್ಸ್ ಕಡೆ ಹೋಗಬೇಕು ಅಂತಾದರೆ ಎಂಬಿಎ, ಅದೂ ಒಳ್ಳೆ ಕಂಪನಿಗಳು ಕ್ಯಾಂಪಸ್ಸಿಗೆ ಬರುವ ಕಾಲೇಜಿನ ಎಂಬಿಎ. ಎಲ್ಲಿಗೆ ಅಂತ ಇನ್ನೂ ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಎರಡೂ ಬೇಡ. ಓದುತ್ತಾ ಓದುತ್ತಾ ದಾರಿ ಕಾಣುತ್ತದೆ ಅಂತ ನಂಬಿ ಸೇರಿದವರು, ಎರಡು ವರ್ಷ ಆದ ಮೇಲೆ ಸಾಲದ ಜೊತೆ ಅದೇ ಪ್ರಶ್ನೆ ಇಟ್ಟುಕೊಂಡು ಬರುವುದನ್ನು ತುಂಬ ನೋಡಿದ್ದೇನೆ.

ನನಗೆ ಬೇಜಾರಾಗಿರುವುದು ಅಕೌಂಟ್ಸಾ, ಈ ಆಫೀಸಾ? ಹೇಗೆ ಗೊತ್ತಾಗುತ್ತೆ?

ಒಂದು ತಿಂಗಳು ಬರೆದಿಡಿ. ದಿನದ ಕೊನೆಗೆ ಎರಡು ಸಾಲು ಸಾಕು: ಇವತ್ತು ಯಾವ ಕೆಲಸ ಮಾಡುವಾಗ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ, ಯಾವುದು ಮಾಡುವಾಗ ಪದೇ ಪದೇ ಗಡಿಯಾರ ನೋಡಿದಿರಿ.

ಜಿಎಸ್‌ಟಿ ಕೆಲಸವನ್ನೇ ತೆಗೆದುಕೊಳ್ಳಿ. ತಿಂಗಳ 14ಕ್ಕೆ 2ಬಿ, ಅಂದರೆ ಸಪ್ಲೈಯರ್‌ಗಳು ಅಪ್‌ಲೋಡ್ ಮಾಡಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ನೋಡುತ್ತೀರಿ. ಹದಿನೈದಿಪ್ಪತ್ತು ಬಿಲ್ ಸಿಗುವುದೇ ಇಲ್ಲ. ಸಪ್ಲೈಯರ್ ಅಪ್‌ಲೋಡ್ ಮಾಡಿಲ್ಲ, ಇಲ್ಲಾ ಜಿಎಸ್‌ಟಿ ನಂಬರ್ ತಪ್ಪು ಹಾಕಿದ್ದಾನೆ, ಇಲ್ಲಾ ಬಿಲ್ ನಂಬರಿನಲ್ಲಿ ಒಂದು ಸ್ಲ್ಯಾಶ್ ಹೆಚ್ಚುಕಡಿಮೆ. 20ರೊಳಗೆ 3ಬಿ ರಿಟರ್ನ್ ಹೋಗಬೇಕು. ಈ ಆರು ದಿನಗಳಲ್ಲಿ ನಿಮಗೆ ಖುಷಿ ಕೊಟ್ಟಿದ್ದು ಯಾವುದು? ಸಪ್ಲೈಯರ್‌ಗೆ ಫೋನ್ ಮಾಡಿ, ಒಲಿಸಿ, ಕೆಲಸ ಮಾಡಿಸಿಕೊಂಡಿದ್ದಾ? ಹಾಗಾದರೆ ನೀವು ಜನರ ಜೊತೆ ಬೆರೆತು ಮಾಡುವ ಕೆಲಸಕ್ಕೆ ಸೇರಿದವರು. ಎಂಬಿಎ ಬಗ್ಗೆ ಯೋಚಿಸಿದರೆ ತಪ್ಪಿಲ್ಲ. ಹೊಂದದ ಬಿಲ್ಲುಗಳು ತಾನಾಗೇ ಬಣ್ಣ ಬದಲಾಯಿಸುವ ಹಾಗೆ ಶೀಟ್ ಕಟ್ಟಿದ್ದಾ? ಹಾಗಾದರೆ ಡೇಟಾ, ಎಸ್‌ಎಪಿ (ದೊಡ್ಡ ಕಂಪನಿಗಳು ಲೆಕ್ಕ, ಖರೀದಿ ನಡೆಸುವ ಸಾಫ್ಟ್‌ವೇರ್), ಪ್ಲಾನಿಂಗ್ ಕಡೆ ನೋಡಿ. "ಪ್ರತಿ ತಿಂಗಳೂ ಇದೇ ಮೂರು ಸಪ್ಲೈಯರ್ ಯಾಕೆ ತಪ್ಪುತ್ತಾರೆ, ಇವರ ಬಿಲ್ ಅಪ್ರೂವ್ ಮಾಡೋದು ಯಾರು?" ಅಂತ ತಲೆಗೆ ಹೊಕ್ಕಿತಾ? ಅದು ಆಡಿಟ್ ಮತ್ತು ರಿಸ್ಕ್ ಕೆಲಸದವರ ತಲೆ. ಮೂರರಲ್ಲಿ ಯಾವುದೂ ಹಿಡಿಸಲಿಲ್ಲ, ಆದರೆ ಮ್ಯಾನೇಜರ್ ರಜೆ ಹಾಕಿದ ವಾರ ಇದೇ ಕೆಲಸ ಹಗುರ ಅನ್ನಿಸಿತು ಅಂದರೆ ಮೊದಲು ಆಫೀಸು ಬದಲಾಯಿಸಿ. ಅದಕ್ಕೆ ಫೀಸು ಕಟ್ಟಬೇಕಿಲ್ಲ.

ಅಕೌಂಟ್ಸ್ ಗೊತ್ತಿದ್ದವರು ಯಾವ ಯಾವ ಕಡೆ ಹೋಗಬಹುದು?

ಎಲ್ಲಕ್ಕಿಂತ ಹತ್ತಿರದ್ದು ಎಫ್‌ಪಿ ಅಂಡ್ ಎ, ಅಂದರೆ ಬಜೆಟ್, ಫೋರ್‌ಕಾಸ್ಟ್, ಲೆಕ್ಕ ಯಾಕೆ ಹೆಚ್ಚುಕಡಿಮೆ ಆಯಿತು ಅಂತ ಬಿಸಿನೆಸ್ ನಡೆಸುವವರಿಗೆ ವಿವರಿಸುವ ಕೆಲಸ. ನಡೆದುಹೋದ ತಿಂಗಳ ಲೆಕ್ಕ ಬರೆಯುತ್ತಿದ್ದವರು ಬರಲಿರುವ ತಿಂಗಳ ಲೆಕ್ಕ ಹಾಕುತ್ತಾರೆ. ಇದಕ್ಕೆ ಅಮೆರಿಕದ ಸಿಎಂಎ ಹೊಂದುತ್ತದೆ. ಷೇರು, ಬಾಂಡ್, ಕಂಪನಿಗಳ ಬೆಲೆ ಕಟ್ಟುವ ಕೆಲಸಕ್ಕೆ ಸಿಎಫ್‌ಎ. ಬ್ಯಾಂಕಿನ ರಿಸ್ಕ್ ವಿಭಾಗಕ್ಕೆ ಎಫ್‌ಆರ್‌ಎಂ. ಇಂಟರ್ನಲ್ ಆಡಿಟ್‌ಗೆ ಸಿಐಎ. ಕಂಪ್ಯೂಟರ್ ವ್ಯವಸ್ಥೆಗಳ ಆಡಿಟ್‌ಗೆ ಸಿಐಎಸ್‌ಎ, ಇದನ್ನು ಎಲ್ಲರೂ 'ಸೀಸಾ' ಅಂತಲೇ ಕರೆಯುತ್ತಾರೆ. ಎಸ್‌ಎಪಿಯ ಲೆಕ್ಕಪತ್ರದ ಭಾಗವಾದ ಫೈಕೋ ಕಲಿತು ಐಟಿ ಕಂಪನಿ ಸೇರಿದವರಂತೂ ಬೆಂಗಳೂರಿನಲ್ಲಿ ಎಷ್ಟೋ ಜನ ಇದ್ದಾರೆ.

ಒಂದು ಕೆಲಸ ಮಾಡಿ. ಜಾಬ್ ಪೋರ್ಟಲಿನಲ್ಲಿ ನಿಮಗೆ ಬೇಕಾದ ಕೆಲಸದ ಇಪ್ಪತ್ತು ಜಾಹೀರಾತು ಒಂದು ಶೀಟಿಗೆ ಹಾಕಿ. ಪ್ರತಿಯೊಂದರಲ್ಲೂ ಕಡ್ಡಾಯ ಅಂತ ಏನು ಬರೆದಿದ್ದಾರೆ, ಇದ್ದರೆ ಒಳ್ಳೆಯದು ಅಂತ ಏನು ಬರೆದಿದ್ದಾರೆ, ಎಷ್ಟು ವರ್ಷದ ಅನುಭವ ಕೇಳಿದ್ದಾರೆ, ಮೂರು ಕಾಲಂ ಮಾಡಿ. ಇಪ್ಪತ್ತರಲ್ಲಿ ಹದಿನೈದು ಕಡೆ 'ಎಂಬಿಎ ಅಥವಾ ಸಿಎ' ಅಂತ ಕಂಡರೆ ಒಂದು ಉತ್ತರ. ಎಲ್ಲೂ ಡಿಗ್ರಿ ಮಾತೇ ಇಲ್ಲ, ಪವರ್ ಬಿಐ, ಎಸ್‌ಕ್ಯೂಎಲ್‌ನಂಥ ಡೇಟಾ ಕೆಲಸದ ಪರಿಣತಿ ಕೇಳಿದ್ದಾರೆ ಅಂದರೆ ಅದೇ ಇನ್ನೊಂದು ಉತ್ತರ. ಕೋಚಿಂಗ್ ಸೆಂಟರಿನ ಕೌನ್ಸೆಲರ್ ಮಾತಿಗಿಂತ ಈ ಶೀಟ್ ನಂಬಿಕೆಗೆ ಯೋಗ್ಯ.

ಸಿಎಫ್‌ಎ ನನಗೆ ಸುಲಭ ಆಗುತ್ತಾ? ಅಕೌಂಟ್ಸ್ ಗೊತ್ತಲ್ವಾ?

ಸ್ವಲ್ಪ ಸಹಾಯ ಆಗುತ್ತದೆ, ಅಷ್ಟೇ. ಲೆವೆಲ್ 1ರಲ್ಲಿ ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ಭಾಗಕ್ಕಿರುವ ತೂಕ ನೂರಕ್ಕೆ 11ರಿಂದ 14. ಎಥಿಕ್ಸ್‌ಗೆ ಅದಕ್ಕಿಂತ ಜಾಸ್ತಿ, 15ರಿಂದ 20. ಉಳಿದದ್ದು ಬಾಂಡ್, ಷೇರು, ಡೆರಿವೇಟಿವ್ಸ್, ಅಂಕಿಅಂಶ, ಅರ್ಥಶಾಸ್ತ್ರ. ಒಟ್ಟು ಮೂರು ಲೆವೆಲ್. ಒಂದೊಂದಕ್ಕೂ ಸುಮಾರು 300 ಗಂಟೆ ಓದು ಬೇಕು ಅಂತ ಸಂಸ್ಥೆಯೇ ಹೇಳುತ್ತದೆ. ಲೆವೆಲ್ 1 ಬರೆದವರಲ್ಲಿ ಈಚಿನ ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆ ಜನ ಪಾಸಾಗುತ್ತಿದ್ದಾರೆ. ಮೂರೂ ಮುಗಿಸಿದ ಮೇಲೆ ಹೆಸರಿನ ಮುಂದೆ ಆ ಮೂರು ಅಕ್ಷರ ಹಾಕಿಕೊಳ್ಳಲು ಕನಿಷ್ಠ 36 ತಿಂಗಳಲ್ಲಿ 4,000 ಗಂಟೆ ಸಂಬಂಧಪಟ್ಟ ಕೆಲಸದ ಅನುಭವ ತೋರಿಸಬೇಕು. ಟ್ಯಾಲಿ ಎಂಟ್ರಿ ಮಾಡಿದ ಅನುಭವವನ್ನು ಹಾಗೇ ತೋರಿಸಲು ಆಗುವುದಿಲ್ಲ. ಹೂಡಿಕೆಯ ತೀರ್ಮಾನಕ್ಕೆ ನಿಮ್ಮ ಕೆಲಸ ಹೇಗೆ ನೆರವಾಯಿತು ಅಂತ ಹೇಳಬೇಕಾಗುತ್ತದೆ.

ಇನ್ನೊಂದು ಮಾತು. ಈಕ್ವಿಟಿ ರಿಸರ್ಚ್, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗಿನ ಮುಂಚೂಣಿ ಕೆಲಸ ನಮ್ಮ ದೇಶದಲ್ಲಿ ಹೆಚ್ಚಾಗಿ ಇರುವುದು ಮುಂಬೈಯಲ್ಲಿ. ಬೆಂಗಳೂರಿನಲ್ಲಿ ಸಿಗುವುದು ಬಹುಪಾಲು ವಿದೇಶಿ ಬ್ಯಾಂಕುಗಳ ಬೆಂಬಲ ಕೆಲಸ. ಅದರಲ್ಲೂ ಒಳ್ಳೆಯ ಕೆಲಸಗಳಿವೆ. ಆದರೆ ಮನೆ ಬಿಟ್ಟು ಮುಂಬೈಗೆ ಹೋಗಲು ತಯಾರಿದ್ದೀರಾ ಅನ್ನುವುದನ್ನು ಫೀಸು ಕಟ್ಟುವ ಮುಂಚೆ ಮನೆಯವರ ಜೊತೆ ಕೂತು ಮಾತಾಡಿ.

ಸಿಎಂಎ ಅಂದರೆ ಒಂದೇನಾ? ಇಬ್ಬರು ಎರಡು ಥರ ಹೇಳ್ತಾರೆ.

ಎರಡು ಇವೆ, ಎರಡೂ ಬೇರೆ ಬೇರೆ. ಒಂದು ನಮ್ಮ ದೇಶದ್ದು. ಹಿಂದೆ ಐಸಿಡಬ್ಲ್ಯೂಎ ಅನ್ನುತ್ತಿದ್ದರಲ್ಲ, ಅದೇ. 1959ರ ಕಾಯ್ದೆಯಡಿ ಇರುವ ಕಾಸ್ಟ್ ಅಕೌಂಟೆಂಟ್ಸ್ ಸಂಸ್ಥೆ ಕೊಡುತ್ತದೆ. ಮೂರು ಹಂತ, ತುಂಬ ಪೇಪರ್. ಇದು ಇದ್ದರೆ ಕಾಸ್ಟ್ ಆಡಿಟ್‌ಗೆ ಸಹಿ ಹಾಕುವ ಅಧಿಕಾರ ಸಿಗುತ್ತದೆ, ಸರ್ಕಾರಿ ಉದ್ದಿಮೆಗಳಲ್ಲಿ ಬೆಲೆ ಇದೆ. ಇನ್ನೊಂದು ಅಮೆರಿಕದ ಐಎಂಎ ಸಂಸ್ಥೆಯದ್ದು. ಎರಡೇ ಪೇಪರ್, ಜೊತೆಗೆ ಡಿಗ್ರಿ ಮತ್ತು ಎರಡು ವರ್ಷದ ಅನುಭವ. ಇದಕ್ಕೆ ಇಲ್ಲಿ ಸಹಿಯ ಅಧಿಕಾರ ಯಾವುದೂ ಇಲ್ಲ. ಆದರೆ ಅಮೆರಿಕದ ಕಂಪನಿಗಳ ಬೆಂಗಳೂರು ಕೇಂದ್ರಗಳಲ್ಲಿ ಮ್ಯಾನೇಜರುಗಳಿಗೆ ಪರಿಚಯ ಇರುವ ಹೆಸರು.

ಅಕೌಂಟ್ಸಿನಿಂದ ಹೊರಗೆ ಬರಬೇಕು ಅನ್ನುವವರಿಗೆ ನಾನು ನಮ್ಮ ಸಿಎಂಎ ಹೇಳುವುದಿಲ್ಲ. ಅದು ಒಳ್ಳೆಯ ಓದು, ಆದರೆ ಮತ್ತೆ ಲೆಕ್ಕದ ಒಳಗೇ ಆಳಕ್ಕೆ ಕರೆದುಕೊಂಡು ಹೋಗುತ್ತದೆ.

ಸೀಸಾ ಬಗ್ಗೆ ಯಾರೂ ಹೇಳಲ್ಲ. ಅದು ಹೇಗೆ?

ಆಡಿಟರ್ ಆಫೀಸಿನಿಂದ ಬರುವವರಿಗೆ ನಾನು ಮೊದಲು ಹೇಳುವುದೇ ಇದನ್ನು. 150 ಪ್ರಶ್ನೆ, 4 ಗಂಟೆ, ಒಂದೇ ಪರೀಕ್ಷೆ. ವರ್ಷದಲ್ಲಿ ಯಾವಾಗ ಬೇಕಾದರೂ ಬರೆಯಬಹುದು. ಪೂರ್ತಿ ಸರ್ಟಿಫಿಕೇಟ್‌ಗೆ ಐದು ವರ್ಷದ ಅನುಭವ ಬೇಕು, ಓದು ಮತ್ತು ಇತರ ಆಡಿಟ್ ಅನುಭವದ ಲೆಕ್ಕದಲ್ಲಿ ಮೂರು ವರ್ಷದವರೆಗೆ ವಿನಾಯಿತಿ ಸಿಗಬಹುದು. ಪಾಸಾದ ಮೇಲೆ ಅರ್ಜಿ ಹಾಕಲು ಐದು ವರ್ಷ ಸಮಯ ಇದೆ.

ವೋಚರ್ ಆಡಿಟ್ ಮಾಡಿದವರಿಗೆ ಇಲ್ಲಿನ ಯೋಚನೆಯ ರೀತಿ ಹೊಸದಲ್ಲ. ಕ್ಯಾಷಿಯರ್ ಕೈಯಲ್ಲೇ ಕ್ಯಾಷ್ ಬುಕ್ಕೂ ಇರಬಾರದು ಅಂತ ನೀವು ಬರೆಯುತ್ತಿದ್ದಿರಿ. ಇಲ್ಲಿ, ಎಸ್‌ಎಪಿಯಲ್ಲಿ ವೆಂಡರ್ ಹೆಸರು ಸೇರಿಸುವವನಿಗೇ ಪೇಮೆಂಟ್ ಬಿಡುವ ಅಧಿಕಾರವೂ ಇದೆಯಾ ಅಂತ ನೋಡುತ್ತೀರಿ. ಪ್ರಶ್ನೆ ಅದೇ, ಜಾಗ ಬೇರೆ. ಪ್ರೋಗ್ರಾಮಿಂಗ್ ಬರದಿದ್ದರೂ ಶುರು ಮಾಡಬಹುದು.

ಎಂಬಿಎ ಮಾಡೋದೇ ಆದರೆ ಕಾಲೇಜು ಹೇಗೆ ಆರಿಸಲಿ?

ಪ್ಲೇಸ್‌ಮೆಂಟ್ ವರದಿ ಓದಿ. ನೀವು ಬ್ಯಾಲೆನ್ಸ್ ಶೀಟಿನ ನೋಟ್ಸ್ ಓದಿ ಅಭ್ಯಾಸ ಇರುವವರು, ಹಾಗೇ ಇದನ್ನೂ ಓದಿ. 'ಅತಿ ಹೆಚ್ಚು ಸಂಬಳ' ಅನ್ನುವ ಸಾಲನ್ನು ಹೊಡೆದುಹಾಕಿ, ಅದು ಒಬ್ಬರ ಸಂಬಳ. ಸರಾಸರಿಯನ್ನೂ ಪೂರ್ತಿ ನಂಬಬೇಡಿ, ಇಬ್ಬರು ಮೂವರಿಗೆ ದೊಡ್ಡ ಸಂಬಳ ಸಿಕ್ಕರೆ ಅದು ಮೇಲೇಳುತ್ತದೆ. ಮೀಡಿಯನ್, ಅಂದರೆ ಎಲ್ಲರ ಸಂಬಳವನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಸಂಬಳ, ಎಷ್ಟು ನೋಡಿ. ಎಷ್ಟು ಜನ ಸೇರಿದ್ದರು, ಎಷ್ಟು ಜನ ಪ್ಲೇಸ್‌ಮೆಂಟಿಗೆ ಕೂತರು, ಎಷ್ಟು ಜನಕ್ಕೆ ಸಿಕ್ಕಿತು, ಮೂರೂ ಸಂಖ್ಯೆ ಇರಬೇಕು. 'ನೂರಕ್ಕೆ ನೂರು' ಅಂತ ಬರೆದ ಕಡೆ ಛೇದ ಯಾವುದು ಅಂತ ಕೇಳಿ. ಸಿಟಿಸಿಯಲ್ಲಿ, ಅಂದರೆ ಕಂಪನಿ ಹೇಳುವ ವರ್ಷದ ಒಟ್ಟು ಮೊತ್ತದಲ್ಲಿ, ಒಂದೇ ಸಲ ಸಿಗುವ ಬೋನಸ್ ಸೇರಿದೆಯಾ ಕೇಳಿ. ಐಐಎಂ ಅಹಮದಾಬಾದಿನಂಥ ಕಡೆ ವರದಿಯನ್ನು ಆಡಿಟ್ ಮಾಡಿಸಿ ಪ್ರಕಟಿಸುವ ಪದ್ಧತಿ ಇದೆ. ನಿಮ್ಮ ಕಾಲೇಜಿನ ವರದಿಗೆ ಸಹಿ ಹಾಕಿದವರು ಯಾರು?

ಆಮೇಲೆ, ಹಿಂದಿನ ವರ್ಷ ಮುಗಿಸಿದವರಲ್ಲಿ ಅಕೌಂಟ್ಸ್ ಹಿನ್ನೆಲೆಯ ನಾಲ್ಕು ಜನರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಈಗ ಏನು ಕೆಲಸ ಮಾಡುತ್ತಿದ್ದಾರೆ ನೋಡಿ. ನಾಲ್ವರೂ ಮತ್ತೆ ಅಕೌಂಟ್ಸ್ ಪೇಯಬಲ್ಸ್ ಟೀಮಿಗೇ ಬಂದಿದ್ದರೆ, ಆ ಕಾಲೇಜು ನಿಮ್ಮನ್ನು ಎಲ್ಲಿಗೆ ಕಳಿಸುತ್ತದೆ ಅನ್ನುವುದು ಗೊತ್ತಾಯಿತಲ್ಲ.

ಕ್ಯಾಟ್ ಆಗಲಿಲ್ಲ. ಪಿಜಿಸಿಇಟಿ ಬರೆದು ಇಲ್ಲೇ ಸೇರಿದರೆ?

ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬಂದು ಸರ್ಕಾರಿ ವಿಶ್ವವಿದ್ಯಾಲಯದ ಸೀಟು ಸಿಕ್ಕರೆ, ಉದಾಹರಣೆಗೆ ಮೈಸೂರು ವಿಶ್ವವಿದ್ಯಾನಿಲಯದ ಮ್ಯಾನೇಜ್‌ಮೆಂಟ್ ಸಂಸ್ಥೆ ಬಿಮ್ಸ್‌ನಂಥ ಕಡೆ, ಫೀಸು ಕಡಿಮೆ. ಹಾಗಾಗಿ ಕಳೆದುಕೊಳ್ಳುವುದೂ ಕಡಿಮೆ. ನನ್ನ ಆತಂಕ ಇರುವುದು ಹತ್ತು ಹನ್ನೆರಡು ಲಕ್ಷ ಫೀಸು ತೆಗೆದುಕೊಂಡು, ಕ್ಯಾಂಪಸ್ಸಿಗೆ ಸೇಲ್ಸ್ ಕೆಲಸದವರನ್ನು ಮಾತ್ರ ಕರೆಸುವ ಕಾಲೇಜುಗಳ ಬಗ್ಗೆ. ಅಂಥ ಕಡೆ ಸೇರುವುದಕ್ಕಿಂತ ಕೆಲಸದಲ್ಲೇ ಇದ್ದು ಒಂದು ಸರ್ಟಿಫಿಕೇಷನ್ ಮಾಡುವುದು ಎಷ್ಟೋ ವಾಸಿ.

ದೂರಶಿಕ್ಷಣದ ಎಂಬಿಎ?

ಕಂಪನಿಯೊಳಗೆ ಬಡ್ತಿಗೆ ಸ್ನಾತಕೋತ್ತರ ಪದವಿ ಬೇಕು ಅಂತ ನಿಯಮ ಇದ್ದರೆ ಮಾಡಿ. ದಾರಿ ಬದಲಾಯಿಸಲು ಅದರಿಂದ ಆಗುವುದಿಲ್ಲ, ಯಾಕೆಂದರೆ ಕ್ಯಾಂಪಸ್ಸೂ ಇಲ್ಲ, ಸಹಪಾಠಿಗಳೂ ಇಲ್ಲ. ಸೇರುವ ವರ್ಷಕ್ಕೆ ಯುಜಿಸಿ ಮಾನ್ಯತೆ ಇದೆಯಾ ಅಂತ ನೋಡುವುದನ್ನು ಮರೆಯಬೇಡಿ. ನಮ್ಮ ಮುಕ್ತ ವಿಶ್ವವಿದ್ಯಾನಿಲಯಕ್ಕೇ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಮಧ್ಯದ ವರ್ಷಗಳಲ್ಲಿ ಸೇರಿದ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ.

ಖರ್ಚಿನ ಲೆಕ್ಕ ಹೇಗೆ ಹಾಕಲಿ?

ಫೀಸು ಮಾತ್ರ ನೋಡಬೇಡಿ, ಬಿಟ್ಟುಕೊಡುವ ಸಂಬಳವನ್ನೂ ಸೇರಿಸಿ. ಈಗ ತಿಂಗಳಿಗೆ 45,000 ಕೈಗೆ ಬರುತ್ತಿದೆ ಅಂತಿಟ್ಟುಕೊಳ್ಳಿ. ಎರಡು ವರ್ಷಕ್ಕೆ 10.8 ಲಕ್ಷ ಹೋಯಿತು. ಫೀಸು 8 ಲಕ್ಷ ಅಂದರೆ ಒಟ್ಟು 18.8 ಲಕ್ಷ. ಆ 8 ಲಕ್ಷವನ್ನು ಶೇ. 10.5ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಸಾಲ ತೆಗೆದರೆ ತಿಂಗಳಿಗೆ ಸುಮಾರು 13,500 ಕಂತು. ಓದುವ ಕಾಲದಲ್ಲಿ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಅದು ಈ ಲೆಕ್ಕದಲ್ಲಿ ಸೇರಿಲ್ಲ. ಓದು ಮುಗಿದ ಮೇಲೆ ಸಿಗುವ ಸಂಬಳದಿಂದ ಕಂತು ಕಳೆದರೆ ಈಗಿನ 45,000ಕ್ಕಿಂತ ಎಷ್ಟು ಜಾಸ್ತಿ ಉಳಿಯುತ್ತದೆ? ಅದಕ್ಕೆ ಮೀಡಿಯನ್ ಸಂಬಳವನ್ನೇ ಹಾಕಿ ನೋಡಿ.

ಐಐಎಂ ಬೆಂಗಳೂರಿನ ಎರಡು ವರ್ಷದ ಕೋರ್ಸಿಗೆ ಫೀಸು 25 ಲಕ್ಷದ ಆಸುಪಾಸು. ಮೊತ್ತ ಭಯ ಹುಟ್ಟಿಸುತ್ತದೆ, ಆದರೆ ಅಲ್ಲಿಂದ ಹೊರಬರುವವರಿಗೆ ಸಿಗುವ ಕೆಲಸ ಸಾಲವನ್ನು ತೀರಿಸುತ್ತದೆ. ಅದಕ್ಕೇ ದೊಡ್ಡ ಫೀಸಿನ ಒಳ್ಳೆ ಕಾಲೇಜಿಗಿಂತ ಮಧ್ಯಮ ಫೀಸಿನ ಸಾಧಾರಣ ಕಾಲೇಜು ಅಪಾಯಕಾರಿ ಅಂತ ನಾನು ಹೇಳುವುದು. ಸಿಎಫ್‌ಎ ಮೂರೂ ಲೆವೆಲ್ ಒಂದೇ ಸಲಕ್ಕೆ ಮುಗಿಸಿದರೂ ಪರೀಕ್ಷೆ, ಕ್ಲಾಸು ಸೇರಿ ನಾಲ್ಕೈದು ಲಕ್ಷ ಆಗಬಹುದು. ಆದರೆ ಅದು ಮೂರ್ನಾಲ್ಕು ವರ್ಷಕ್ಕೆ ಹಂಚಿಹೋಗುತ್ತದೆ, ಸಂಬಳವೂ ನಿಲ್ಲುವುದಿಲ್ಲ. ಶುಲ್ಕ ಡಾಲರಿನಲ್ಲಿ ಇರುವುದರಿಂದ ರೂಪಾಯಿ ಇಳಿದರೆ ಹೊರೆ ಏರುತ್ತದೆ. ಕೋಚಿಂಗಿನವರು ಹೇಳುವ ಫೀಸಿನಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯಾ ಅಂತ ಕೇಳಿಕೊಳ್ಳಿ.

ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ, ಅಂದರೆ 80ಇ ಅಂತ ನಿಮಗೆಲ್ಲ ಗೊತ್ತಿರುವುದು, ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಎಂಟು ವರ್ಷ ಸಿಗುತ್ತದೆ. ಬ್ಯಾಂಕಿನವರು ಇದನ್ನು ಲಾಭ ಅಂತ ತೋರಿಸಿದಾಗ ನೀವು ಯಾವ ಪದ್ಧತಿಯಲ್ಲಿದ್ದೀರಿ ಅಂತ ನೆನಪು ಮಾಡಿಕೊಳ್ಳಿ.

ಸಿಎ ಇಂಟರ್ ಆಗಿದೆ, ಫೈನಲ್ ಆಗ್ತಾ ಇಲ್ಲ. ಬಿಡಲಾ?

ಈ ಪ್ರಶ್ನೆ ಕೇಳುವವರ ದನಿಯಲ್ಲಿ ನೋವಿರುತ್ತದೆ. ಮನೆಯಲ್ಲಿ, ನೆಂಟರಲ್ಲಿ, 'ಇನ್ನೂ ಆಗಿಲ್ವಾ?' ಅನ್ನುವ ಮಾತು ಕೇಳಿ ಕೇಳಿ ಸಾಕಾಗಿರುತ್ತದೆ. ಮೊದಲು ಒಂದು ಮಾತು ತಿಳಿದುಕೊಳ್ಳಿ: ಮೂರು ವರ್ಷ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ, ಮಾಡಿದವರು ಬರಿಗೈಯಲ್ಲಿ ಇಲ್ಲ. ಕಂಪನಿಗಳಲ್ಲಿ 'ಸಿಎ ಇಂಟರ್' ಅಂತಲೇ ಕೇಳಿ ಕೆಲಸ ಕೊಡುತ್ತಾರೆ.

ಒಂದು ಗ್ರೂಪ್ ಉಳಿದಿದೆ, ಅಂಕಗಳು ಹತ್ತಿರ ಹತ್ತಿರ ಬರುತ್ತಿವೆ ಅಂದರೆ ಬಿಡಬೇಡಿ. 2025ರಲ್ಲಿ ಫೈನಲ್ ಕೂಡ ವರ್ಷಕ್ಕೆ ಮೂರು ಸಲ ನಡೆಸುವ ತೀರ್ಮಾನ ಆಗಿತ್ತು, ಈಗ ಎಷ್ಟು ಸಲ ಅಂತ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಸಿಎ ಆದ ಮೇಲೆ ಅಕೌಂಟ್ಸ್ ಬಿಡುವುದು, ಆಗದೆ ಬಿಡುವುದಕ್ಕಿಂತ ಸುಲಭ. 2021ರಲ್ಲಿ ಯುಜಿಸಿ ಸಿಎಯನ್ನು ಸ್ನಾತಕೋತ್ತರ ಪದವಿಗೆ ಸಮ ಅಂತ ಒಪ್ಪಿದೆ. ಬ್ರಿಟನ್ನಿನ ಅಕೌಂಟೆನ್ಸಿ ಸರ್ಟಿಫಿಕೇಷನ್ ಎಸಿಸಿಎಗೆ ಹೋದರೆ ಸಿಎ ಆದವರಿಗೆ 13 ಪೇಪರಿನಲ್ಲಿ 9 ಬರೆಯಬೇಕಿಲ್ಲ, ಇಂಟರ್ ಆದವರಿಗೂ ಕೆಲವು ಪೇಪರ್ ಬಿಡುತ್ತಾರೆ.

ಆದರೆ ಪುಸ್ತಕ ತೆರೆಯಲೂ ಮನಸ್ಸಿಲ್ಲ, ಎರಡೂ ಗ್ರೂಪ್ ಬಾಕಿ, ವಯಸ್ಸು ಮೂವತ್ತರ ಹತ್ತಿರ ಅಂದರೆ ನಿಲ್ಲಿಸಿ. ನಿಲ್ಲಿಸಿದ ಮಾರನೇ ದಿನವೇ ಇನ್ನೊಂದು ಪರೀಕ್ಷೆಗೆ ಕಟ್ಟಬೇಡಿ. ಒಂದು ವರ್ಷ ನೆಮ್ಮದಿಯಾಗಿ ಕೆಲಸ ಮಾಡಿ, ಕೈಯಲ್ಲಿ ದುಡ್ಡು ಓಡಾಡಲಿ.

ಓದಿದ್ದು ಕನ್ನಡ ಮೀಡಿಯಂ. ಎಂಬಿಎ ಕ್ಲಾಸಲ್ಲಿ ಮಾತಾಡೋಕೆ ಆಗುತ್ತಾ?

ಆಗುತ್ತದೆ. ಇದೇ ಕಾರಣಕ್ಕೆ ಕೆಲವರು, ಬರೆದು ಪಾಸಾದರೆ ಸಾಕಲ್ಲ ಅಂತ ಸರ್ಟಿಫಿಕೇಷನ್ ಕಡೆ ವಾಲುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಪರೀಕ್ಷೆ ಪಾಸಾದ ಮೇಲೂ ಇಂಟರ್‌ವ್ಯೂ ಇದ್ದೇ ಇರುತ್ತದೆ, ಎಫ್‌ಪಿ ಅಂಡ್ ಎ ಕೆಲಸದಲ್ಲಂತೂ ದಿನಾ ಬೇರೆ ದೇಶದವರ ಜೊತೆ ಕಾಲ್ ಇರುತ್ತದೆ. ಮಾತಿನ ಭಯ ಇರುವವರಿಗೆ ಎರಡು ವರ್ಷದ ಕ್ಲಾಸ್‌ರೂಮ್ ಬಹಳ ಉಪಕಾರ ಮಾಡುತ್ತದೆ. ವಾರಕ್ಕೆ ನಾಲ್ಕು ಸಲ ಎದ್ದು ನಿಂತು ಪ್ರೆಸೆಂಟೇಷನ್ ಕೊಡಲೇಬೇಕಾದಾಗ ಭಯ ತಾನಾಗಿ ಇಳಿಯುತ್ತದೆ. ಹಾಸನ, ಕೊಪ್ಪಳ, ಶಿರಸಿ ಕಡೆಯಿಂದ ಬಂದ ಹುಡುಗ ಹುಡುಗಿಯರು ಮೊದಲ ಸೆಮಿಸ್ಟರಿನಲ್ಲಿ ಹಿಂದಿನ ಬೆಂಚಿನಲ್ಲಿದ್ದು, ಕೊನೆಯ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟ್ ಕಮಿಟಿ ನಡೆಸುವುದು ಅಪರೂಪವೇನಲ್ಲ.

ಕೆಲಸ ಮಾಡಿಕೊಂಡು ಓದೋಕೆ ಸಮಯ ಎಲ್ಲಿ?

ನಿಮ್ಮ ಸೀಸನ್ ನೋಡಿ ಪರೀಕ್ಷೆ ಆರಿಸಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಜನ ಸೋಲುವುದು ಹೆಚ್ಚಾಗಿ ಇಲ್ಲೇ.

ಆಡಿಟರ್ ಆಫೀಸಿನಲ್ಲಿ ಜುಲೈ ರಿಟರ್ನ್ಸ್ ಗಲಾಟೆ, ಆಮೇಲೆ ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್, ಅದು ಮುಂದೆ ಹೋದರೆ ಅಕ್ಟೋಬರ್ ಕೂಡ ಹೋಯಿತು. ಅಮೆರಿಕದ ಸಿಎಂಎ ಪರೀಕ್ಷೆ ಜನವರಿ-ಫೆಬ್ರವರಿ, ಮೇ-ಜೂನ್, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಡೆಯುತ್ತದೆ. ನಿಮಗೆ ಮೂರನೆಯದು ಬೇಡವೇ ಬೇಡ, ಜನವರಿ-ಫೆಬ್ರವರಿಗೆ ಕಟ್ಟಿ. ಸಿಎಫ್‌ಎ ಲೆವೆಲ್ 1 ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ಇರುತ್ತದೆ. ನಿಮಗೆ ಫೆಬ್ರವರಿ ಅಥವಾ ಮೇ. ಕ್ಯಾಟ್ ಈಚಿನ ವರ್ಷಗಳಲ್ಲಿ ನವೆಂಬರ್ ಕೊನೆಯ ಭಾನುವಾರ ನಡೆಯುತ್ತಿದೆ, ಅಂದರೆ ತಯಾರಿಯ ಮುಖ್ಯ ತಿಂಗಳುಗಳೆಲ್ಲ ನಿಮ್ಮ ಸೀಸನ್ನಿನಲ್ಲೇ ಬೀಳುತ್ತವೆ. ಅಂಥವರು ಫೆಬ್ರವರಿಯಿಂದಲೇ ಶುರು ಮಾಡಿ ಜೂನ್ ಒಳಗೆ ಗಣಿತ ಮುಗಿಸಿಕೊಳ್ಳಬೇಕು.

ಫೈನಾನ್ಸ್ ಸೆಂಟರಿನಲ್ಲಿ ಇರುವವರ ಕಥೆ ಬೇರೆ. ಪ್ರತಿ ತಿಂಗಳ ಮೊದಲ ವಾರ ಕ್ಲೋಸಿಂಗ್, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಕ್ವಾರ್ಟರ್ ಕ್ಲೋಸಿಂಗ್. ಸಿಎಫ್‌ಎ ಪರೀಕ್ಷೆಗಳು ಸರಿಯಾಗಿ ಅದರ ಮುಂದಿನ ತಿಂಗಳು ಬರುತ್ತವೆ. ರಿವಿಷನ್ನಿಗೆ ಕ್ಲೋಸಿಂಗ್ ಮುಗಿದ ಮೇಲಿನ ಮೂರು ವಾರ ಸಿಗುತ್ತದೆ, ರಜೆಯನ್ನು ಆಗಲೇ ಹೇಳಿಟ್ಟುಕೊಳ್ಳಿ.

ವಯಸ್ಸು 32. ಎಂಬಿಎಗೆ ತಡ ಆಯ್ತಾ?

ಎರಡು ವರ್ಷದ ಕೋರ್ಸಿಗೆ ಹೌದು, ಸಹಪಾಠಿಗಳೂ ಕಂಪನಿಗಳೂ ಕಡಿಮೆ ಅನುಭವದವರನ್ನೇ ನಿರೀಕ್ಷಿಸುತ್ತಾರೆ. ಒಂದು ವರ್ಷದ ಕೋರ್ಸಿಗೆ ಇಲ್ಲ. ಐಐಎಂ ಬೆಂಗಳೂರಿನ ಇಪಿಜಿಪಿ, ಅಹಮದಾಬಾದಿನ ಪಿಜಿಪಿಎಕ್ಸ್ ಇರುವುದೇ ಅನುಭವ ಇದ್ದವರಿಗೆ. ಜಿಮ್ಯಾಟ್ ಅಥವಾ ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ ಬೇಕು. ಈಗಿನ ಜಿಮ್ಯಾಟ್‌ನಲ್ಲಿ ಟೇಬಲ್, ಗ್ರಾಫ್ ಓದಿ ಉತ್ತರಿಸುವ ಭಾಗವೂ ಇದೆ, ನಮ್ಮವರಿಗೆ ಅದು ಹೊಂದುತ್ತದೆ. ಕೆಲಸ ಬಿಡಲು ಆಗದವರಿಗೆ ಅದೇ ಬನ್ನೇರುಘಟ್ಟ ರಸ್ತೆಯ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿಕೊಂಡೇ ಓದುವ ಪಿಜಿಪಿಇಎಂ ಇದೆ.

ಎರಡೂ ಮಾಡದೆ ದಾರಿ ಬದಲಾಯಿಸೋಕೆ ಆಗಲ್ವಾ?

ಆಗುತ್ತದೆ, ಎಷ್ಟೋ ಸಲ ಅದೇ ಒಳ್ಳೆಯದು. ದೊಡ್ಡ ಕಂಪನಿಯಲ್ಲಿದ್ದರೆ ಒಳಗಿನ ಜಾಬ್ ಪೋಸ್ಟಿಂಗ್ ನೋಡಿ. ಬೇರೆ ಟೀಮಿನವರಿಗೆ ನಿಮ್ಮ ಕೆಲಸ ಗೊತ್ತಿರುತ್ತದೆ, ಹೊರಗಿನವರು ಕೇಳುವ ಸರ್ಟಿಫಿಕೇಟನ್ನು ಅವರು ಕೇಳುವುದಿಲ್ಲ. ಬಜೆಟ್ ಸಮಯದಲ್ಲಿ ಪ್ಲಾನಿಂಗ್ ಟೀಮಿಗೆ ಕೈ ಕಡಿಮೆ ಇರುತ್ತದೆ, ಎರಡು ವಾರ ಸಹಾಯ ಮಾಡುತ್ತೇನೆ ಅಂತ ನೀವೇ ಕೇಳಿ.

ರೆಸ್ಯೂಮೆಯನ್ನೂ ತಿದ್ದಿ. 'ಜಿಎಸ್‌ಟಿ ರೀಕನ್ಸಿಲಿಯೇಷನ್ ಮಾಡಿದ್ದೇನೆ' ಅಂತ ಎಲ್ಲರೂ ಬರೆಯುತ್ತಾರೆ. 'ತಿಂಗಳಿಗೆ ಇಷ್ಟು ಬಿಲ್, ಇಷ್ಟು ಸಪ್ಲೈಯರ್, ಮೂರು ದಿನ ಹಿಡಿಯುತ್ತಿದ್ದ ಕೆಲಸ ನನ್ನ ಶೀಟಿನಿಂದ ಒಂದು ದಿನಕ್ಕೆ ಇಳಿಯಿತು, ಸಿಗದೆ ಉಳಿದಿದ್ದ ಇಷ್ಟು ಕ್ರೆಡಿಟ್ ವಾಪಸ್ ಬಂತು' ಅಂತ ನಿಜವಾದ ಅಂಕಿ ಹಾಕಿ ಬರೆಯಿರಿ. ಓದುವವರಿಗೆ ಆಗ ಕಾಣಿಸುವುದು ಕೆಲಸ ಸುಧಾರಿಸುವ ಮನುಷ್ಯ.

ಕಂಪನಿಯೇ ಫೀಸ್ ಕೊಡುತ್ತೆ ಅಂತಾರೆ. ತಗೊಳ್ಳಲಾ?

ತಗೊಳ್ಳಿ, ಪಾಲಿಸಿ ಪೂರ್ತಿ ಓದಿ. ಬಹಳ ಕಡೆ ಪಾಸಾದ ಮೇಲೆ ಮಾತ್ರ ಕೊಡುತ್ತಾರೆ, ಕೊಟ್ಟ ಮೇಲೆ ಒಂದೆರಡು ವರ್ಷದೊಳಗೆ ಕೆಲಸ ಬಿಟ್ಟು ಹೋದರೆ ವಾಪಸ್ ಕೇಳುತ್ತಾರೆ. ಆ ಅವಧಿ ನಿಮ್ಮ ಯೋಜನೆಗೆ ಹೊಂದುತ್ತದಾ ನೋಡಿ.

ಕೆಲಸ ಬಿಡುವ ಮುಂಚೆ ಯಾವ ಕಾಗದಪತ್ರ ಇಟ್ಟುಕೊಳ್ಳಬೇಕು?

ಎಂಬಿಎ ಅರ್ಜಿಗೂ ಸರ್ಟಿಫಿಕೇಷನ್ ಸದಸ್ಯತ್ವಕ್ಕೂ ಅನುಭವದ ಪುರಾವೆ ಬೇಕು. ಊರಿನ ಸಣ್ಣ ಆಡಿಟರ್ ಆಫೀಸಿನಲ್ಲಿ ಕೈಗೇ ಸಂಬಳ ಕೊಟ್ಟು, ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲದೆ ಕೆಲಸ ಮಾಡಿಸುವುದು ಇವತ್ತಿಗೂ ಇದೆ. ಅಂಥ ಕಡೆ ಇದ್ದರೆ ಈ ತಿಂಗಳಿನಿಂದಲೇ ಸಂಬಳ ಬ್ಯಾಂಕ್ ಖಾತೆಗೆ ಹಾಕಲು ಕೇಳಿ. ಬಿಡುವಾಗ ಲೆಟರ್‌ಹೆಡ್ಡಿನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಮಾತ್ರ ಇದ್ದರೆ ಸಾಲದು, ಏನೇನು ಕೆಲಸ ಮಾಡಿದಿರಿ ಅಂತ ನಾಲ್ಕು ಸಾಲು ಬರೆಸಿಕೊಳ್ಳಿ. ಸಾಹೇಬರಿಗೆ ಬರೆಯಲು ಪುರುಸೊತ್ತು ಇರುವುದಿಲ್ಲ, ನೀವೇ ಟೈಪ್ ಮಾಡಿಕೊಂಡು ಹೋಗಿ, ಸಹಿ ಸೀಲು ಹಾಕಿಸಿಕೊಳ್ಳಿ. ಕಂಪನಿಯಲ್ಲಿದ್ದರೆ ರಿಲೀವಿಂಗ್ ಲೆಟರ್, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಫಾರ್ಮ್ 16, ಪಿಎಫ್ ಯುಎಎನ್ ನಂಬರ್ ಇಟ್ಟುಕೊಳ್ಳಿ. ಮ್ಯಾನೇಜರ್ ಒಬ್ಬರ ಸ್ವಂತ ಮೇಲ್ ವಿಳಾಸವನ್ನೂ ಕೇಳಿ ಇಟ್ಟುಕೊಳ್ಳಿ. ಎರಡು ವರ್ಷ ಬಿಟ್ಟು ನಿಮ್ಮ ಅನುಭವವನ್ನು ದೃಢೀಕರಿಸುವಂತೆ ಯಾರಾದರೂ ಕೇಳಿದಾಗ, ಅವರು ಅದೇ ಕಂಪನಿಯಲ್ಲಿ ಇರುತ್ತಾರೆ ಅಂತ ಹೇಳಲು ಆಗುವುದಿಲ್ಲ.